ಕೆಂಪಾಗದ ಆರತಿ

ನಮ್ಮೂರ ಬಾವಿಯ ನೀರು ಹಳದಿಯಾದ ದಿನ ಎಲ್ಲರಿಗಿಂತ ಮೊದಲು ಕೈಮುಗಿದವರು ನಮ್ಮ ಅತ್ತೆ ಆಶಮ್ಮ. ಕೊಡ ಮೇಲೆ ಬಂದಾಗ ಒಳಗೆ ಬಗ್ಗಿ ನೋಡಿದರು. ಹಗ್ಗವನ್ನು ಕಟ್ಟೆಯ ಮೇಲೆ ಬಿಟ್ಟರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕಲ್ಲಿಗೆ ಹಣೆ ಹಚ್ಚಿದರು.

“ಮೈಲಾರಪ್ಪ ಬಂದಾನ,” ಎಂದರು. “ಭಂಡಾರ ಹಾರಿಸ್ಯಾನ ನೋಡು, ಹರಿತಾ.”

ಭಂಡಾರವೆಂದರೆ ಅರಿಶಿಣದ ಪುಡಿ. ಬೀರಪ್ಪನನ್ನೂ ಮೈಲಾರನನ್ನೂ ನಂಬಿದ ನಮ್ಮಂಥ ಕುರಿಗಾರರ ಮನೆಗಳಲ್ಲಿ ಅದಿಲ್ಲದೆ ಒಂದು ಕೆಲಸವೂ ನಡೆಯುವುದಿಲ್ಲ. ಕೂಸು ಹುಟ್ಟಿದರೆ ಅದರ ಹಣೆಗೆ, ಕುರಿ ಈದರೆ ಅದರ ಹಣೆಗೆ, ಜ್ವರ ಬಂದರೆ ನಾಲಿಗೆಗೆ. ಹಾಗಾಗಿ ನೀರು ಹಳದಿಯಾದರೆ ಕಾರಣ ಹುಡುಕಿಕೊಂಡು ನಾವು ದೂರ ಹೋಗುವ ಜನವಲ್ಲ. ಹೋಗಬೇಕಾಗಿದ್ದದ್ದು ಊರ ಮೇಲ್ಗಡೆಯ ತಗಡಿನ ಶೆಡ್ಡಿನವರೆಗೆ ಮಾತ್ರ. ಅಷ್ಟು ದೂರವೂ ಯಾರೂ ಹೋಗಲಿಲ್ಲ.

ಮಕ್ತಲ್‌ನಿಂದ ನಾರಾಯಣಪೇಟೆಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ನಮ್ಮ ಬೇವಿನಹಾಳ. ಊರಲ್ಲಿ ಬೋರುಗಳು ಬೇಕಾದಷ್ಟಿವೆ, ಎಲ್ಲವೂ ಸವಳು. ಸೀನೀರು ಇರುವುದು ಆ ಒಂದು ಬಾವಿಯಲ್ಲಿ. ತೆಲಂಗಾಣ ರಾಜ್ಯವಾದ ಮೇಲೆ ಮನೆಮನೆಗೆ ನಳವೂ ಬಂತು. ಆದರೆ ನಳದ ನೀರು ಬಂದಾಗ ಬಂತು, ಇಲ್ಲದಾಗ ಇಲ್ಲ. ಬಂದರೂ ಅದಕ್ಕೆ ಔಷಧದ ವಾಸನೆ, ಅದರಲ್ಲಿ ಬೇಳೆ ಬೇಯುವುದಿಲ್ಲ ಎಂದು ಊರಿನ ಹಿರಿಯ ಹೆಂಗಸರು ಫೈಸಲಾ ಕೊಟ್ಟುಬಿಟ್ಟಿದ್ದರು. ನಳದ ನೀರು ಬಟ್ಟೆಗೆ, ಎಮ್ಮೆಗೆ; ಬಾವಿಯ ನೀರು ಬೇಳೆಗೆ, ಬಾಯಿಗೆ.

ನಾರಾಯಣಪೇಟೆ ಜಿಲ್ಲೆಯಾದ ಮರುವರ್ಷ ಗದ್ವಾಲಿನ ಅಂಜನಕುಮಾರ್ ಎಂಬ ಸಾವ್ಕಾರ ಆ ಶೆಡ್ಡು ಹಾಕಿಸಿದ. ಸೀರೆ ನೇಯುವ ನೂಲಿಗೆ ಬಣ್ಣ ಹಾಕುವ ಕೆಲಸ. ದೊಡ್ಡ ಹಂಡೆಗಳು, ಉಗಿ, ಹಗ್ಗದ ಮೇಲೆ ಒಣಗುವ ನೂಲಿನ ಲಡಿಗಳು. ಬಣ್ಣ ಹಾಕಿದ ಮೇಲೆ ಉಳಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಉದ್ಘಾಟನೆಯ ದಿನ ಯಾರೂ ಕೇಳಲಿಲ್ಲ. ಅವತ್ತು ಎಲ್ಲರಿಗೂ ಮಿರ್ಚಿ ಭಜಿ ಕೊಟ್ಟಿದ್ದರು, ಬಾಯಿ ಖಾಲಿ ಇರಲಿಲ್ಲ.

ನೀರು ಹಳದಿಯಾದ ವಾರದಲ್ಲೇ ಬಾವಿಗೆ ಹೂವಿನ ಹಾರ ಬಂತು. ಆಮೇಲೆ ಗಂಟೆ ಬಂತು. ಆಮೇಲೆ ಜಗಳ ಬಂತು. ಪೋಸ್ಟ್ ಮಾಸ್ಟರಾಗಿ ನಿವೃತ್ತರಾದವರ ಮಡದಿ ಪದ್ಮಾಬಾಯಿ ಅದೇ ಬಾವಿಯಿಂದ ಮಡಿಯಲ್ಲಿ ನೀರು ಸೇದುವವರು. ಅವರ ನಂಟೆಲ್ಲ ರಾಯಚೂರು, ಮಂತ್ರಾಲಯದ ಕಡೆ. ಬಿಳಿ ಬಟ್ಟೆಯಲ್ಲಿ ಸೋಸಿದಾಗ ಬಟ್ಟೆ ಹಳದಿಯಾದದ್ದನ್ನು ಕಂಡು ಅವರು ಬೆಳಕಿಗೆ ಹಿಡಿದರು.

“ಇದು ಪೀತಾಂಬರದ ಬಣ್ಣ ಅದ,” ಎಂದರು. “ಸ್ವಾಮಿ ಉಟ್ಟ ವಸ್ತ್ರದ ಛಾಯಾ.”

“ನಿಮ್ಮ ಸ್ವಾಮಿ ಬಾವ್ಯಾಗ ಇಳದು ವಸ್ತ್ರ ಒಗೀತಾನೇನ್ರಿ, ಬಾಯಾರ?” ಎಂದರು ಅತ್ತೆ.

“ನಿಮ್ಮ ದೇವರು ಇಳದು ಭಂಡಾರ ಕಲಸ್ತಾನ ಅಂತಿರಲ್ಲಾ, ನಮ್ಮವನು ಯಾಕ ಇಳೀಬಾರದು?”

ಯಾರ ದೇವರು ನೀರು ಕೆಡಿಸಿದ್ದು ಎಂಬುದಕ್ಕೆ ಊರು ಎರಡು ಪಾಳಯವಾಯಿತು. ಕೊನೆಗೆ ಬೆಳಿಗ್ಗೆ ಪೀತಾಂಬರ, ಸಂಜೆ ಭಂಡಾರ ಎಂದು ಪೂಜೆಯ ಹೊತ್ತು ಹಂಚಿಕೊಂಡರು. ಕೆಟ್ಟಿದೆ ಎನ್ನುವುದೊಂದನ್ನು ಮಾತ್ರ ಯಾರೂ ತಮ್ಮ ಪಾಲಿಗೆ ಕೇಳಲಿಲ್ಲ.

ನಮ್ಮ ಮನೆಯಲ್ಲಿ ಒಂದು ಟಗರಿದೆ. ಗಂಡನೂ ಮಾವನೂ ಮಂದೆ ಹೊಡೆದುಕೊಂಡು ಇಟಿಕ್ಯಾಲದ ಕಡೆ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಲು ಹೋಗುವಾಗ ಕಾಲು ಕುಂಟುತ್ತದೆಂದು ಬಿಟ್ಟುಹೋದದ್ದು. ಅದರ ಮುಂದೆ ಬಾವಿಯ ನೀರು ಇಟ್ಟೆ. ಮೂಸಿತು, ಮುಖ ತಿರುಗಿಸಿತು. ನಳದ ನೀರು ಇಟ್ಟೆ, ಬೋಗುಣಿಯ ತಳದವರೆಗೂ ನೆಕ್ಕಿತು.

“ಅತ್ತಿ, ಟಗರು ಒಲ್ಲೆ ಅಂತೈತಿ ನೋಡ್ರಿ.”

“ಟಗರಿಗೆ ಭಕ್ತಿ ಎಲ್ಲಿಂದ ಬರಬೇಕವಾ,” ಎಂದರು ಅತ್ತೆ. “ಅದಕ ಹುಲ್ಲೊಂದು ಗೊತ್ತು.”

ಇಷ್ಟಕ್ಕೇ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ದೊಡ್ಡವರ ಭಕ್ತಿಗೆ ಅಡ್ಡ ಬಂದು ಯಾವ ಸೊಸೆಯೂ ಉದ್ಧಾರವಾಗಿಲ್ಲ. ಆದರೆ ಅತ್ತೆ ಬೆಳಿಗ್ಗೆ ಎದ್ದು ಮುಖ ತೊಳೆದವರೇ ನನ್ನ ಮಗಳು ಅಖಿಲಾಳನ್ನು ಮಡಿಲಲ್ಲಿ ಕೂರಿಸಿಕೊಂಡು ಆ ನೀರನ್ನು ಚಮಚದಲ್ಲಿ ತೀರ್ಥವೆಂದು ಕುಡಿಸಲು ಶುರು ಮಾಡಿದರು. ಅತ್ತೆಗೆ ಮೊಮ್ಮಗಳೆಂದರೆ ಪ್ರಾಣ. ತಾವು ಅರ್ಧ ಚಮಚ ಕುಡಿದರೆ ಅವಳಿಗೆ ಪೂರ್ತಿ.

ಅಖಿಲಾ ಎರಡನೇ ಕ್ಲಾಸು. ಮೊದಮೊದಲು ಖುಷಿಯಿಂದ ಕುಡಿದಳು, ತೆಲುಗು ಟೀಚರಿಗೆ ಹೇಳಿಕೊಂಡೂ ಬಂದಳು. ಆಮೇಲೆ ಊಟ ಬಿಟ್ಟಳು. ರೊಟ್ಟಿ ಮುರಿದು ಬಾಯಿಗೆ ಇಡಲು ಹೋದರೆ ತಲೆ ಆಚೆ ಮಾಡುತ್ತಿದ್ದಳು.

“ಅವ್ವಾ, ಹೊಟ್ಟ್ಯಾಗ ಯಾರೋ ಹಿಂಡಿದಂಗ ಆಗತೈತಿ,” ಎಂದಳು ಒಂದು ದಿನ, ಜಡೆ ಹಾಕುತ್ತಿದ್ದಾಗ. ಕನ್ನಡಿಯಲ್ಲಿ ನೋಡಿದೆ. ತುಟಿ ಬೆಳ್ಳಗಾಗಿತ್ತು.

ಮಕ್ತಲ್‌ಗೆ ಕರೆದುಕೊಂಡು ಹೋದೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಕುಡಿಯುವ ನೀರು ಬದಲಿಸಿ ಎಂದರು. ಮನೆಗೆ ಬಂದು ಹೇಳಿದೆ.

“ಆ ಡಾಕ್ಟರು ನಮ್ಮ ಊರಾಗ ಹುಟ್ಯಾನೇನು?” ಎಂದರು ಅತ್ತೆ. “ಮೈಲಾರಪ್ಪ ಪರೀಕ್ಷಾ ಮಾಡಾಕತ್ತಾನ. ತಡಕೋಬೇಕು.”

ದೇವರ ಪರೀಕ್ಷೆಗೆ ಎರಡನೇ ಕ್ಲಾಸಿನವರನ್ನು ಯಾಕೆ ಕೂರಿಸುತ್ತಾರೋ ನನಗೆ ತಿಳಿಯಲಿಲ್ಲ.

ಆ ವಾರವೇ ಅಖಿಲಾಳ ಸ್ಕೂಲಿನ ಬಿಳಿ ಅಂಗಿಯ ಮೇಲೆ ತೀರ್ಥ ಚೆಲ್ಲಿತ್ತು. ಒಗೆಯುವ ಕಲ್ಲಿಗೆ ಒಯ್ದು ಸಾಬೂನು ತಿಕ್ಕಿದೆ. ಅರಿಶಿಣದ ಕಲೆಗೆ ಸಾಬೂನು ತಾಗಿದರೆ ಅದು ಕೆಂಪಗಾಗುತ್ತದೆ. ಬಾಣಂತಿ ಬಟ್ಟೆ ಒಗೆದ, ಮದುವೆ ಮನೆಯ ಸೀರೆ ಒಗೆದ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿರುವ ಮಾತು. ಈ ಕಲೆ ಕೆಂಪಾಗಲಿಲ್ಲ. ಬಿಸಿಲಿಗೆ ಹಾಕಿದರೆ ಮಾಸಲೂ ಇಲ್ಲ. ಮೊದಲಿಗಿಂತ ಚೆನ್ನಾಗಿ ಹೊಳೆಯಿತು.

ನನ್ನ ಪಕ್ಕದ ಕಲ್ಲಿನಲ್ಲಿ ಕುರುಮಮ್ಮ ಇದ್ದಳು. ಶೆಡ್ಡಿನಲ್ಲಿ ನೂಲು ಜಾಲಿಸುವ ಕೆಲಸ ಅವಳದು, ಮೊಣಕೈವರೆಗೂ ಹಳದಿ. ಅಂಗಿ ನೋಡಿ ನಕ್ಕಳು.

“ಪಕ್ಕಾ ಬಣ್ಣ ಅಕ್ಕಾ. ಗ್ಯಾರಂಟಿ ಕೊಟ್ಟು ಮಾರ್ತಾರ. ಅಂಗಿ ಹರೀತೈತಿ, ಬಣ್ಣ ಹೋಗಂಗಿಲ್ಲ.”

“ಹಂಗಾದ್ರ ನಿನಗ ಗೊತ್ತೈತಿ.”

“ಯಾರಿಗೆ ಗೊತ್ತಿಲ್ಲ? ಶೆಡ್ಡಿನ ಹಿಂದ ಒಂದು ಬತ್ತಿದ ಬೋರ್ ಐತಿ. ಹಂಡೆದ ನೀರೆಲ್ಲ ಪೈಪ್ ಹಚ್ಚಿ ಅದರಾಗ ಬಿಡ್ತಾರ. ಮ್ಯಾಲೆ ಒಂದು ಹನಿ ಕಾಣಂಗಿಲ್ಲ. ಹೊಲ ಸ್ವಚ್ಛ, ರಸ್ತಾ ಸ್ವಚ್ಛ, ಸಾವ್ಕಾರನ ಮನಸ್ಸೂ ಸ್ವಚ್ಛ.”

“ಮತ್ತ ಬಣ್ಣ ಬದಲಾದ್ರ? ಕರೀದು ಹಾಕಿದ್ರ?”

“ಹಾಕಂಗಿಲ್ಲ,” ಎಂದಳು ಕುರುಮಮ್ಮ. “ಕರೇ ಸೀರೆ ಆರ್ಡರ್ ಬಂದಿತ್ತು, ವಾಪಸ್ ಕಳಿಸ್ಯಾನ. ಬಾವಿಗೆ ಪೂಜಿ ಶುರುವಾದಾಗಿಂದ ಹಳದಿ ಒಂದ. ‘ದೇವರ ಬಣ್ಣ ಕೆಡಿಸಬಾರದು’ ಅಂತಾನ. ಅಂಥಾ ಭಕ್ತ.”

ಸುತ್ತ ಒಗೆಯುತ್ತಿದ್ದವರೆಲ್ಲ ಕೇಳಿಸಿಕೊಂಡರು. ಎಲ್ಲರ ಕೈಯಲ್ಲೂ ಸಾಬೂನು, ಎಲ್ಲರ ಮುಂದೆಯೂ ಕೆಂಪಾಗದ ಕಲೆ. ಯಾರೂ ತಲೆ ಎತ್ತಲಿಲ್ಲ. ಬಟ್ಟೆ ಬಡಿಯುವ ಸದ್ದು ಮಾತ್ರ ಸ್ವಲ್ಪ ಜೋರಾಯಿತು.

ಅಂಗಿಯನ್ನು ಮಡಚಿಕೊಂಡು ಸರಪಂಚ ಭೀಮಶಂಕರ್‌ನ ಮನೆಗೆ ಹೋದೆ. ನಮ್ಮವರಿಗೆ ದೂರದ ಸಂಬಂಧ, ನನ್ನನ್ನು ‘ತಂಗೀ’ ಎನ್ನುತ್ತಾನೆ. ಅವನ ಹೆಂಡತಿ ಕುಡಿಯಲು ನೀರು ತಂದಿಟ್ಟಳು. ಲೋಟದ ತಳ ಕಾಣುವಷ್ಟು ತಿಳಿ. ಒಳಗೆ ಅಡುಗೆಮನೆಯ ಬಾಗಿಲ ಹಿಂದೆ ಮಕ್ತಲ್‌ನ ನೀರಿನ ಕ್ಯಾನುಗಳು ಒಂದರ ಮೇಲೊಂದು ನಿಂತಿದ್ದವು.

“ಅವು ನಮ್ಮ ಭಾವನವರ ಮನಿವು,” ಎಂದ ಸರಪಂಚ, ನಾನು ಕೇಳುವ ಮೊದಲೇ. “ನಮಗ ಬಾವಿ ನೀರ ರುಚಿ.”

ಅಂಗಿ ಬಿಚ್ಚಿ ತೋರಿಸಿದೆ. ಬೋರಿನ ಮಾತು ಹೇಳಿದೆ. ಮಗಳ ಹೊಟ್ಟೆಯ ಮಾತು ಹೇಳಿದೆ. ಅವನು ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿದ, ಕೊಳ್ಳುವವನ ಹಾಗೆ.

“ತಂಗೀ, ನಾ ಇಲ್ಲ ಅನ್ನಲ್ಲ. ಆದ್ರ ನೀ ಟೈಮ್ ನೋಡು. ಸಾವ್ಕಾರ ಬಾವಿ ಮ್ಯಾಲ ಕಲ್ಲಿನ ಮಂಟಪ ಕಟ್ಟಿಸಿದ. ಉಂಡವಳ್ಳಿ ಕಡೆಯಿಂದ ಮಂದಿ ಬರಾಕತ್ಯಾರ. ಬರೋ ಐತಾರ ಗೊರವರನ ಕರಸಿ ದೋಣಿ ತುಂಬಸೋ ಪೂಜಿ ಐತಿ. ಊರಿಗೆ ಒಂದು ಹೆಸರು ಬರೋ ಹೊತ್ತಿನ್ಯಾಗ ನೀ ಅಂಗಿ ಹಿಡಕೊಂಡು ಬಂದಿ.”

“ಕೂಸು ಊಟ ಬಿಟ್ಟೈತ್ರಿ.”

“ನಳದ ನೀರು ಕುಡಿಸವಾ. ಸರ್ಕಾರ ಯಾಕ ಕೊಟ್ಟೈತಿ?”

“ಅತ್ತಿ ಕೇಳಲ್ರಿ.”

“ಅದು ಮನಿ ಜಗಳ,” ಎಂದ ಸರಪಂಚ, ಅಂಗಿಯನ್ನು ಮೊದಲಿಗಿಂತ ಅಚ್ಚುಕಟ್ಟಾಗಿ ಮಡಚಿ ನನ್ನ ಕೈಗಿಟ್ಟ. “ಮನಿ ಜಗಳದಾಗ ಪಂಚಾಯ್ತಿ ಬಾಯಿ ಹಾಕಬಾರದು.”

ಬರುವಾಗ ಪದ್ಮಾಬಾಯಿಯವರ ಹಿತ್ತಲು ದಾಟಿ ಬಂದೆ. ಅವರು ಒದ್ದೆ ಸೀರೆಯುಟ್ಟು, ಮಂತ್ರ ಹೇಳುತ್ತ, ಕ್ಯಾನಿನ ನೀರನ್ನು ತಾಮ್ರದ ಕೊಡಕ್ಕೆ ಬಗ್ಗಿಸುತ್ತಿದ್ದರು. ನನ್ನನ್ನು ಕಂಡು ಮಂತ್ರ ನಿಲ್ಲಿಸಲಿಲ್ಲ. ಕಣ್ಣು ಮಾತ್ರ ಮುಚ್ಚಿಕೊಂಡರು.

ಮರುದಿನ ನಾನೂ ಒಂದು ಉಪಾಯ ಮಾಡಿದೆ. ಅತ್ತೆ ಏಳುವ ಮೊದಲು ತೀರ್ಥದ ತಂಬಿಗೆಯ ನೀರನ್ನು ಬಚ್ಚಲಿಗೆ ಸುರಿದು, ನಳದ ನೀರನ್ನು ಕುದಿಸಿ ಆರಿಸಿ ತುಂಬಿ, ಡಬ್ಬಿಯ ಅರಿಶಿಣ ಚಿಟಿಕೆ ಹಾಕಿಟ್ಟೆ. ಅತ್ತೆ ಚಮಚ ಅದ್ದಿದರು. ಮಗಳು ಕುಡಿದಳು. ನನ್ನ ಎದೆ ಹಗುರಾಯಿತು. ಮಧ್ಯಾಹ್ನ ಅತ್ತೆ ತಂಬಿಗೆ ತೊಳೆಯಲು ಹೋದಾಗ ತಳದಲ್ಲಿ ಅರಿಶಿಣ ಗಟ್ಟಿಯಾಗಿ ಕೂತಿತ್ತು.

“ಹರಿತಾ.”

ಒಲೆಯ ಮುಂದಿನಿಂದ ಎದ್ದು ಬಂದೆ.

“ಡಬ್ಬಿ ಅರಿಶಿಣ ತಳಕ್ಕ ಕೂಡತೈತಿ. ದೇವರ ಭಂಡಾರ ಕೂಡಂಗಿಲ್ಲ, ನೀರಾಗ ನೀರಾಗಿ ಇರತೈತಿ. ಇಷ್ಟು ದಿನ ನೋಡೀನಿ ನಾ,” ಎಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. “ನನ್ನ ಮೊಮ್ಮಗಳಿಗೆ ನಾ ವಿಷ ಹಾಕ್ತೀನೇನವಾ? ಐತಾರ ದೋಣಿ ತುಂಬಿಸಿದಾಗ ಅಕೀಗ ಒಂದು ಬಟ್ಟಲು ಪೂರಾ ಕುಡಿಸ್ತೀನಿ ಅಂತ ಹರಕಿ ಹೊತ್ತೀನಿ. ಹೊಟ್ಟಿ ನೋವು ಅಲ್ಲೇ ಬಿಟ್ಟು ಬರ್ತಾಳ, ನೋಡು.”

ಆವತ್ತಿನಿಂದ ತಂಬಿಗೆ ಅವರ ತಲೆದಿಂಬಿನ ಪಕ್ಕಕ್ಕೆ ಹೋಯಿತು.

ಒಂದು ಚಮಚಕ್ಕೆ ಹೀಗಾದವಳು ಒಂದು ಬಟ್ಟಲು ಕುಡಿದರೆ ಏನಾದಾಳು? ಗಂಡನಿಗೆ ಫೋನು ಮಾಡಿದೆ. ಹಿಂದೆ ಕುರಿಗಳ ಸದ್ದು. “ಅವ್ವಗ ಯಾರು ಹೇಳ್ಬೇಕು,” ಎಂದರು. ಅವರು ಹೇಳಲಾರದ್ದನ್ನು ಕುರಿಗಳೂ ಹೇಳಲಿಲ್ಲ. ಅಖಿಲಾಳನ್ನು ತವರಿಗೆ ಕಳಿಸೋಣವೆಂದರೆ ಅತ್ತೆ ಅವಳ ಕೈ ಬಿಡುತ್ತಿರಲಿಲ್ಲ. ರೊಟ್ಟಿ ಬಡಿಯುತ್ತ, ಪಾತ್ರೆ ತಿಕ್ಕುತ್ತ, ಟಗರಿಗೆ ಹುಲ್ಲು ಹಾಕುತ್ತ ಯೋಚಿಸಿದೆ. ಅತ್ತೆ ಯಾರ ಮಾತನ್ನೂ ಕೇಳುವವರಲ್ಲ. ಅವರು ನಂಬುವುದು ಮೈಲಾರನನ್ನು, ಅವನು ಬಿಟ್ಟರೆ ತಮ್ಮ ಕಣ್ಣನ್ನು.

ಶನಿವಾರ ಸಂಜೆ ಅತ್ತೆ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಮೊಣಕಾಲ ಪಕ್ಕ ಅವರ ಹಿತ್ತಾಳೆಯ ಸುಣ್ಣದ ಡಬ್ಬಿ. ಅದು ಅವರ ಜೊತೆ ಹೊಲಕ್ಕೂ ಹೋಗುತ್ತದೆ, ಮದುವೆಗೂ ಹೋಗುತ್ತದೆ. ಮರುದಿನ ಸಾವ್ಕಾರನಿಗೆ ಆರತಿ ಎತ್ತುವ ಹಿರಿಯ ಮುತ್ತೈದೆ ಅವರೇ. ನಮ್ಮಲ್ಲಿ ಆರತಿಯೆಂದರೆ ಓಕುಳಿ ನೀರಿನ ಆರತಿ: ತಟ್ಟೆಯಲ್ಲಿ ನೀರು, ನೀರಿಗೆ ಅರಿಶಿಣ, ಅರಿಶಿಣಕ್ಕೆ ಚೂರು ಸುಣ್ಣ. ಸುಣ್ಣ ಬಿದ್ದ ಕೂಡಲೇ ನೀರು ರಕ್ತದ ಹಾಗೆ ಕೆಂಪಗಾಗಬೇಕು. ಆ ಕೆಂಪನ್ನು ಕಂಡು ಕೆಟ್ಟ ಕಣ್ಣು ಓಡಿಹೋಗುತ್ತದೆ.

“ಅತ್ತಿ,” ಎಂದೆ, ತಟ್ಟೆ ಬೂದಿಯಲ್ಲಿ ತಿಕ್ಕುತ್ತ. “ನಾಳಿ ಆರತಿಗೆ ನಮ್ಮ ಡಬ್ಬಿ ಅರಿಶಿಣ ಹಾಕಬೇಕೇನ್ರಿ? ಬಾವಿ ನೀರಿನಾಗ ದೇವರ ಭಂಡಾರನ ಐತೆಲ್ಲ. ಅದರ ಮ್ಯಾಲ ಅಂಗಡೀದು ಹಾಕಿದ್ರ ಮೈಲಾರಪ್ಪಗ ಏನನ್ನಿಸೀತು ಅಂತ.”

ಅತ್ತೆ ಎಲೆ ಅಗಿಯುವುದನ್ನು ನಿಲ್ಲಿಸಿದರು. ಬಹಳ ದಿನಗಳ ಮೇಲೆ ನನ್ನನ್ನು ಪ್ರೀತಿಯಿಂದ ನೋಡಿದರು.

“ಈಗ ದಾರಿಗೆ ಬಂದಿ ನೋಡು,” ಎಂದರು. “ಅವನ ಭಂಡಾರದ ಮುಂದ ಅಂಗಡೀದ್ಯಾಕ? ಬಾವಿ ನೀರ ತಟ್ಯಾಗ ಹಾಕು. ಸುಣ್ಣ ನಂದು ಐತಿ.”

ಭಾನುವಾರ ಬಾವಿಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ಹೊಸ ಮಂಟಪದ ಕಂಬಕ್ಕೆ ‘ಅಂಜನಕುಮಾರ್, ಗದ್ವಾಲ್, ಭಕ್ತಿಪೂರ್ವಕ’ ಎಂದು ಕೆತ್ತಿಸಿದ್ದರು. ದೇವರ ಹೆಸರು ಅದರ ಕೆಳಗೆ, ಸ್ವಲ್ಪ ಸಣ್ಣ ಅಕ್ಷರದಲ್ಲಿ. ಗೊರವಯ್ಯ ನರಸಯ್ಯ ಕರಿಕಂಬಳಿಯ ನಿಲುವಂಗಿ ತೊಟ್ಟು, ಕೊರಳಿಗೆ ಭಂಡಾರದ ಚೀಲ ಹಾಕಿ, ಡಮರುಗ ಹಿಡಿದು ನಿಂತಿದ್ದ. ಗೊರವರು ಮೈಲಾರನ ನಾಯಿಗಳು. ಪೂಜೆಯ ದಿನ ಹಿತ್ತಾಳೆಯ ದೋಣಿಯಲ್ಲಿ ಹಾಲು, ಬಾಳೆಹಣ್ಣು, ಬೆಲ್ಲ ತುಂಬಿಸಿ, ನೆಲಕ್ಕೆ ಕೈಯೂರಿ, ಬೊಗಳುತ್ತ, ನಾಯಿಯ ಹಾಗೆಯೇ ಬಾಯಿಹಾಕಿ ಅದನ್ನು ತಿನ್ನುತ್ತಾರೆ. ಆ ಹೊತ್ತಿಗೆ ಅವರು ಮನುಷ್ಯರಲ್ಲ. ಈ ಸಲ ದೋಣಿಗೆ ಹಾಲಿನ ಬದಲು ಬಾವಿಯ ನೀರು ಎಂದು ಸರಪಂಚನೂ ಸಾವ್ಕಾರನೂ ಸೇರಿ ಠರಾವು ಮಾಡಿದ್ದರು. ನರಸಯ್ಯ ದೋಣಿಯನ್ನು ನೋಡುತ್ತಿದ್ದ ರೀತಿ ನೋಡಿದರೆ ಆ ಠರಾವಿಗೆ ಅವನನ್ನು ಯಾರೂ ಕೇಳಿರಲಿಲ್ಲ.

ಅಂಜನಕುಮಾರ್ ಬಿಳಿ ಲಾಲ್ಚಿ, ಅಂದರೆ ಉದ್ದನೆಯ ಜುಬ್ಬಾ, ಹಾಕಿಕೊಂಡು ಬಂದ. ಮೆತ್ತಗಿನ ಮನುಷ್ಯ, ಎಲ್ಲರಿಗೂ ನಮಸ್ಕಾರ, ಮಕ್ಕಳ ಕೆನ್ನೆ ಸವರುತ್ತಾನೆ. ಅಖಿಲಾಳದನ್ನೂ ಸವರಿದ.

“ಏಮಮ್ಮಾ, ಬಾಗುನ್ನಾವಾ?” ಎಂದು ತೆಲುಗಿನಲ್ಲಿ ಕ್ಷೇಮ ಕೇಳಿದ.

“ಹೊಟ್ಟಿ ನೋಯ್ತೈತ್ರಿ,” ಎಂದಳು ಮಗಳು.

“ಏಮಿ ಕಾದು. ಏನೂ ಆಗಲ್ಲ. ಸ್ವಾಮಿ ತೀರ್ಥ ತಗೊಂಡ್ರ ಎಲ್ಲ ಹೋಗತೈತಿ.”

ಪೂಜೆಯ ಯಜಮಾನ ಮೊದಲು ತೀರ್ಥ ಕುಡಿಯಬೇಕು, ಆಮೇಲೆ ದೋಣಿ, ಆಮೇಲೆ ಮಕ್ಕಳು. ಅದು ಕ್ರಮ. ಸಾವ್ಕಾರನ ಡ್ರೈವರ್ ಬೆಳ್ಳಿಯ ಚೊಂಬು ತಂದುಕೊಟ್ಟ. ಬೆಳಿಗ್ಗೆಯೇ ಬಾವಿಯಿಂದ ಸೇದಿ ಇಟ್ಟದ್ದು ಎಂದು ಸರಪಂಚ ಮೈಕಿನಲ್ಲಿ ಹೇಳಿದ. ಸಾವ್ಕಾರ ಚೊಂಬನ್ನು ಹಣೆಗೊತ್ತಿಕೊಂಡು, ಕುಡಿಯುವ ಮೊದಲು ಒಂದು ಸುತ್ತು ಅಲುಗಿಸಿದ. ಆಮೇಲೆ ಗಟಗಟ ಅರ್ಧ ಕುಡಿದ. ಜನ ‘ಏಳು ಕೋಟಿ’ ಎಂದು ಮೈಲಾರನಿಗೆ ಜಯಕಾರ ಕೂಗಿದರು.

ನಾನು ಆ ಅಲುಗಿಸುವುದನ್ನು ನೋಡಿದೆ. ತಳದಲ್ಲಿ ಕೂತದ್ದನ್ನು ಮೇಲೆಬ್ಬಿಸಲು ತಂಬಿಗೆಯನ್ನು ನಾನೂ ಹಾಗೆಯೇ ಅಲುಗಿಸಿದ್ದೆ. ಪಕ್ಕದಲ್ಲಿ ನಿಂತ ಅತ್ತೆಯನ್ನು ನೋಡಿದೆ. ಅವರೂ ನೋಡಿದ್ದರು.

“ಆರತಿ,” ಎಂದ ಸರಪಂಚ.

ಅತ್ತೆ ತಟ್ಟೆ ಹಿಡಿದು ಮುಂದೆ ಹೋದರು. ತಟ್ಟೆಯಲ್ಲಿ ನಮ್ಮ ಬಾವಿಯ ನೀರು, ಹೊಸ ಲಂಗದ ಹಾಗೆ ಹಳದಿ. ಸೊಂಟದಿಂದ ಡಬ್ಬಿ ತೆಗೆದು ಬೆರಳ ತುದಿಯಲ್ಲಿ ಸುಣ್ಣ ತೆಗೆದು ನೀರಿಗೆ ಅದ್ದಿ ತಿರುಗಿಸಿದರು. ನೀರು ಹಳದಿಯೇ ಇತ್ತು. ಇನ್ನಷ್ಟು ಸುಣ್ಣ ಹಾಕಿದರು. ಹಳದಿ. ಹಾಡು ಹೇಳುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಹಾಡು ಬಿಟ್ಟರು. ಕೆಂಪಾಗದ ಆರತಿಯನ್ನು ಯಾರೂ ಎತ್ತುವುದಿಲ್ಲ. ಅದರಂಥ ಅಪಶಕುನ ಇನ್ನೊಂದಿಲ್ಲ.

“ಸುಣ್ಣ ಹಳೇದಿರಬೇಕು, ಆಶಮ್ಮ,” ಎಂದ ಸರಪಂಚ. ಮೈಕು ಬಂದ್ ಮಾಡಲು ಮರೆತಿದ್ದ, ಊರಿಗೆಲ್ಲ ಕೇಳಿಸಿತು.

“ನನ್ನ ಸುಣ್ಣ?” ಎಂದರು ಅತ್ತೆ. ಸುಣ್ಣಕ್ಕೆ ಹಾಗೆಂದರೆ ಅವರ ತವರಿಗೆ ಅಂದಂತೆ. ಬಾಯಿ ತೆರೆದು ಕೆಂಪು ನಾಲಿಗೆ ತೋರಿಸಿದರು. “ಮುಂಜಾನಿ ಎಲಿಗೆ ಹಚ್ಚಿದ ಸುಣ್ಣ ಇದು. ಸಾವ್ಕಾರ್ರ, ಆ ಚೊಂಬು ಕೊಡ್ರಿ ಇಲ್ಲಿ.”

“ಯಾಕವ್ವಾ? ಅದು ತೀರ್ಥ…”

“ತೀರ್ಥ ಅಂತನ ಕೇಳಾಕತ್ತೀನಿ.”

ಎಲ್ಲರೆದುರು ಮುತ್ತೈದೆಗೆ ತೀರ್ಥ ಇಲ್ಲವೆನ್ನಲು ಅವನಿಗಾಗಲಿಲ್ಲ. ಅತ್ತೆ ಚೊಂಬನ್ನು ತಗೊಂಡು, ಉಳಿದ ನೀರನ್ನು ಇನ್ನೊಂದು ತಟ್ಟೆಗೆ ಬಗ್ಗಿಸಿ, ಅದೇ ಬೆರಳಿನಿಂದ ಅದೇ ಸುಣ್ಣವನ್ನು ತಾಗಿಸಿದರು. ನೀರು ಕೆಂಪಗಾಯಿತು. ಎಂಥ ಕೆಂಪು! ಯಾವ ಮದುವೆಯಲ್ಲೂ ನಾನು ಅಷ್ಟು ಒಳ್ಳೆಯ ಓಕುಳಿ ನೋಡಿರಲಿಲ್ಲ.

ಅತ್ತೆ ಎರಡು ತಟ್ಟೆಗಳನ್ನೂ ಮಂಟಪದ ಕಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟರು. ಬಲಗೈಯನ್ನು ಸೆರಗಿಗೆ ಮತ್ತೆ ಮತ್ತೆ ಒರೆಸಿಕೊಂಡರು. ಸುಣ್ಣ ಒರೆಸುತ್ತಿದ್ದಾರೆಂದು ಎಲ್ಲರೂ ಅಂದುಕೊಂಡರು. ದಿನಾ ಬೆಳಿಗ್ಗೆ ಚಮಚ ಹಿಡಿಯುತ್ತಿದ್ದ ಕೈ ಅದು ಎಂಬುದು ನನಗೆ ಗೊತ್ತಿತ್ತು.

“ಸಾವ್ಕಾರ್ರ,” ಎಂದರು ಮೆಲ್ಲಗೆ. “ನೀವು ಕುಡದದ್ದು ಯಾವ ಬಾವಿ ನೀರು?”

“ಇದೇ ಬಾವಿದವ್ವಾ.”

“ನಿನ್ನ ಕೇಳ್ತೀನಪಾ,” ಎಂದು ಅತ್ತೆ ಡ್ರೈವರಿನ ಕಡೆ ತಿರುಗಿದರು. “ಯಾವ ಬಾವಿದು?”

ಡ್ರೈವರ್ ನಮ್ಮ ಕಡೆಯವನೇ, ಮಕ್ತಲ್‌ನವನು. ಸಾವ್ಕಾರನನ್ನು ನೋಡಿದ, ಕೆಂಪು ತಟ್ಟೆಯನ್ನು ನೋಡಿದ. ದೇವರ ಎದುರು ಸುಳ್ಳು ಹೇಳಲು ಅವನಿಗೆ ಯಾರೂ ಬೇರೆ ಹೇಳಿಕೊಟ್ಟಿರಲಿಲ್ಲ.

“ಕ್ಯಾನ್ ನೀರ್ರಿ ಯವ್ವಾ. ಅರಿಶಿಣ ನಾನ ಕಲಸಿದೆ.”

“ಮನಿಯವರು ಗದ್ವಾಲ್‌ದಾಗ ಏನು ಕುಡೀತಾರ?”

“ಅವರೂ ಕ್ಯಾನ್ರಿ.”

ಪದ್ಮಾಬಾಯಿ ಹಿಂದಿನಿಂದ, “ಪೀತಾಂಬರಕ್ಕೂ ಎಲ್ಲೋ ಒಂದು ಕಡೆ ಬಣ್ಣ ಹಾಕಲೇಬೇಕಲ್ಲವಾ,” ಎಂದು ಯಾರಿಗೋ ಹೇಳುತ್ತಿದ್ದರು. ಸರಪಂಚ ಮೈಕಿನ ವೈರು ಹುಡುಕುತ್ತಿದ್ದ. ಸಾವ್ಕಾರ ಮೆತ್ತಗೆ, ನಗುತ್ತಲೇ, ನಮಗೆ ಡಾಕ್ಟರು ಹೇಳಿದ್ದಾರೆ, ಶುಗರ್ ಇದೆ, ಏಮಿ ಕಾದು, ಕೂತು ಮಾತಾಡೋಣ ಎನ್ನುತ್ತ ಕಾರಿನ ಕಡೆ ಒಂದೊಂದೇ ಹೆಜ್ಜೆ ಸರಿಯುತ್ತಿದ್ದ.

ಅತ್ತೆ ಗೊರವಯ್ಯನ ಕಡೆ ತಿರುಗಿದರು.

“ನರಸಯ್ಯ, ಇವತ್ತು ನೀ ಯಾರು?”

“ಮೈಲಾರನ ನಾಯಿ, ಅಕ್ಕಾ.”

“ಕಳ್ಳ ಬಂದಾಗ ನಾಯಿ ಕೆಲಸ ಏನು?”

ನರಸಯ್ಯ ದೋಣಿಯಲ್ಲಿದ್ದ ಹಳದಿ ನೀರನ್ನು ಒಮ್ಮೆ ನೋಡಿದ. ಅದರಲ್ಲಿ ಬಾಯಿ ಹಾಕಬೇಕಾದವನು ಅವನೇ. ಡಮರುಗ ಕೆಳಗಿಟ್ಟ. ನೆಲಕ್ಕೆ ಕೈಯೂರಿದ. ಅಂಜನಕುಮಾರನ ಬಿಳಿ ಲಾಲ್ಚಿಯ ಕಡೆ ಮುಖ ಮಾಡಿ ಬೊಗಳಿದ. ಕರಿಕಂಬಳಿಯ ಉಳಿದ ಗೊರವರೂ ಕೈಯೂರಿದರು. ಗದ್ವಾಲಿನ ಸಾವ್ಕಾರ ನಾರಾಯಣಪೇಟೆ ಜಿಲ್ಲೆಯ ಊರೊಂದರಲ್ಲಿ, ತನ್ನದೇ ಹೆಸರಿನ ಮಂಟಪದ ಮುಂದೆ, ದೇವರ ನಾಯಿಗಳಿಂದ ಬೊಗಳಿಸಿಕೊಂಡು ಕಾರಿನವರೆಗೆ ಹೋದ. ಮಕ್ಕಳು ಇದೂ ಪೂಜೆಯೇ ಎಂದುಕೊಂಡು ತಾವೂ ಬೊಗಳಿದರು. ಎಲ್ಲರಿಗಿಂತ ಜೋರು ನಮ್ಮ ಅಖಿಲಾ. ಊಟ ಬಿಟ್ಟವಳಿಗೆ ಅಷ್ಟು ದನಿ ಎಲ್ಲಿಂದ ಬಂತೋ.

ಅದೇ ಮಧ್ಯಾಹ್ನ ಹೆಂಗಸರೆಲ್ಲ ಶೆಡ್ಡಿನ ಹಿಂದಕ್ಕೆ ಹೋದೆವು. ಕುರುಮಮ್ಮ ಪೈಪು ತೋರಿಸಿದಳು. ಪೈಪು ಕೀಳಿಸಿ, ಬತ್ತಿದ ಬೋರಿನ ಬಾಯಿಗೆ ಸಿಮೆಂಟು ಹಾಕಿಸುವವರೆಗೂ ನಾವು ಅಲ್ಲಿಂದ ಏಳಲಿಲ್ಲ. ರೊಟ್ಟಿ ಅಲ್ಲಿಗೇ ತರಿಸಿ ತಿಂದೆವು. ಸರಪಂಚ ಬಂದು ನಮ್ಮ ಮುಂದೆ ನಿಂತು ಫೋಟೊ ತೆಗೆಸಿಕೊಂಡ. ತಾನು ಮೊದಲಿನಿಂದಲೂ ಇದನ್ನೇ ಹೇಳುತ್ತಿದ್ದೆ ಎಂದ. ಬಹುಶಃ ಮನಸ್ಸಿನಲ್ಲಿ ಹೇಳಿಕೊಂಡಿರಬೇಕು.

ಬಾವಿ ಇನ್ನೂ ಹಳದಿಯೇ ಇದೆ. ನೆಲದೊಳಕ್ಕೆ ಹೋದದ್ದು ಸಿಮೆಂಟು ಹಾಕಿದ ಮಾತ್ರಕ್ಕೆ ಎದ್ದು ಬರುವುದಿಲ್ಲ. ಪರೀಕ್ಷೆಗೆಂದು ಬಂದ ಅಧಿಕಾರಿ ಸೀಸೆಯಲ್ಲಿ ನೀರು ಹಿಡಿದು, ತಿಳಿಯಾಗಲು ಎಷ್ಟು ಮಳೆಗಾಲ ಬೇಕೋ ಹೇಳಲಾರೆ ಎಂದರು. ಕರಿ ಆರ್ಡರ್ ವಾಪಸ್ ಹೋದದ್ದು ನಮ್ಮ ಪುಣ್ಯವಂತೆ, ಇಲ್ಲದಿದ್ದರೆ ಯಾವ ದೇವರನ್ನು ಕರೆಯುತ್ತಿದ್ದೆವು ಎಂದು ಕುರುಮಮ್ಮ ನಗುತ್ತಾಳೆ. ಅಲ್ಲಿಯವರೆಗೆ ಸಾವ್ಕಾರನೇ ಟ್ಯಾಂಕರಿನಲ್ಲಿ ನೀರು ಕಳಿಸಬೇಕೆಂದು ಪಂಚಾಯ್ತಿಯಲ್ಲಿ ತೀರ್ಮಾನವಾಯಿತು. ಕಳಿಸುತ್ತಾನೆ. ಟ್ಯಾಂಕರಿನ ಮೇಲೆ ‘ಅಂಜನಕುಮಾರ್ ಅವರಿಂದ ಉಚಿತ ಜಲದಾನ’ ಎಂದು ಬರೆಸಿದ್ದಾನೆ, ಹಳದಿ ಬಣ್ಣದಲ್ಲಿ.

ಅತ್ತೆ ತಲೆದಿಂಬಿನ ಪಕ್ಕದ ತಂಬಿಗೆಯನ್ನು ತಾವೇ ಬೂದಿ ಹಚ್ಚಿ ಬಹಳ ಹೊತ್ತು ತಿಕ್ಕಿದರು. ಮರುದಿನ ಬೆಳಿಗ್ಗೆ ಅಖಿಲಾಳನ್ನು ಮಡಿಲಲ್ಲಿ ಕೂರಿಸಿಕೊಂಡು ಕುದಿಸಿ ಆರಿಸಿದ ನೀರಿನ ಲೋಟವನ್ನು ತಾವೇ ಹಿಡಿದರು. ಮೊದಲು ತಾವು ಪೂರ್ತಿ ಒಂದು ಲೋಟ ಕುಡಿದು, ಸ್ವಲ್ಪ ಹೊತ್ತು ಕಾದು, ಆಮೇಲೆ ಅವಳಿಗೆ. ಈಗಲೂ ಹಾಗೆಯೇ. ಮಗಳು ರೊಟ್ಟಿ ತಿನ್ನುತ್ತಾಳೆ. ಟಗರಿನ ಪಾಲನ್ನೂ ಕೇಳುತ್ತಾಳೆ.

ಟ್ಯಾಂಕರ್ ಬಂದಾಗ ಊರಿನ ಕೊಡಗಳು ಸಾಲು ನಿಂತಿರುತ್ತವೆ. ಮೊದಲ ಕೊಡ ಅತ್ತೆಯದು. ಅದು ತುಂಬಿದ ಮೇಲೆ ಅವರು ಎಲ್ಲರನ್ನೂ ತಡೆದು, ಸುಣ್ಣದ ಡಬ್ಬಿ ತೆಗೆದು, ಬೆರಳ ತುದಿಯ ಸುಣ್ಣವನ್ನು ಒಂದು ಬಟ್ಟಲು ನೀರಿಗೆ ಅದ್ದಿ, ಬಿಸಿಲಿಗೆ ಹಿಡಿದು, ನಿಧಾನವಾಗಿ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಟ್ಯಾಂಕರಿನ ಡ್ರೈವರ್ ಕೈಕಟ್ಟಿ ನಿಂತಿರುತ್ತಾನೆ. ಅತ್ತೆ ತಲೆಯಾಡಿಸುವವರೆಗೆ ಅವನು ಎರಡನೇ ಕೊಡಕ್ಕೆ ಪೈಪು ಹಿಡಿಯುವುದಿಲ್ಲ.

“ಅತ್ತಿ,” ಎಂದೆ ಒಮ್ಮೆ, ಕೊಡ ಹೊತ್ತು ಬರುವಾಗ. “ಸುಣ್ಣಕ್ಕ ಅರಿಶಿಣ ಗೊತ್ತಾಗತೈತಿ. ಬ್ಯಾರೆ ಏನು ಕಲಸಿದ್ರೂ ಗೊತ್ತಾಗಂಗಿಲ್ಲ. ಅದರಾಗ ನಿಮಗೇನು ತಿಳೀತೈತಿ?”

“ನನಗೇನೂ ತಿಳಿಯಂಗಿಲ್ಲ,” ಎಂದರು ಅತ್ತೆ. “ನೋಡಾಕ ಒಬ್ಬಾಕಿ ಅದಾಳ ಅಂತ ನೀರು ಕಳಸಾವಗ ತಿಳೀತೈತಿ.”